ಎಂಟನೆಯ ಮೂಳೆ

ಆ ಒಂದು ಗೆರೆ ಬಿಟ್ಟರೆ ಉಳಿದದ್ದೆಲ್ಲ ಹೆಚ್ಚುಕಡಿಮೆ ಮುಗಿದಿತ್ತು. ಸುರುಳಿಕೊಳ್ಳದಿರಲೆಂದು ನಾಲ್ಕೂ ಮೂಲೆಗೆ ಹೊಳೆಯ ಕಲ್ಲು ಹೇರಿ ಮೇಜಿನ ತುಂಬ ಹರಡಿದ್ದ ಕಾಗದದ ಬುಡದಲ್ಲಿ ತಿನಾಯ್ ಎಂಬ ಮೂಲಪುರುಷ ಕೂತಿದ್ದ. ಅವನಿಂದ ಮೇಲಕ್ಕೆ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಎಂದು ಮುನ್ನೂರ ಹನ್ನೆರಡು ಗಂಡಸರು ಕಪ್ಪು ಶಾಯಿಯಲ್ಲಿ ಕವಲೊಡೆದು ಕಾಗದದ ನೆತ್ತಿಯವರೆಗೂ ಹಬ್ಬಿದ್ದರು. ಕೆರಿಮ್ ಎಂಬ ಹೆಸರಿನಿಂದ ಎರಡು ಕವಲು ಹೊರಡಬೇಕು: ಹಿರಿಯ ಮಗ ಇಮಾಶ್, ಕಿರಿಯ ಮಗ ಸೂರೊನ್. ಇಮಾಶನ ಗೆರೆ ಎಳೆದಾಗಿತ್ತು. ಅವನ ಹೆಸರಿನ ಮೇಲೆ, ಸಂತಾನವಿಲ್ಲ ಎಂಬುದಕ್ಕೆ ಸಂಘದವರು ಒಪ್ಪಿಕೊಂಡಿದ್ದ ಪುಟ್ಟ ಅಡ್ಡಗೆರೆಯೊಂದು ಬಾಕಿಯಿತ್ತು. ಸೂರೊನ್‌ನ ಹೆಸರಿನ ಮೇಲೆ ಮಕ್ಕಳು ಮರಿ ತುಂಬಿ ನಿಂತಿದ್ದರೂ ಕೆಳಗೆ ಏನೂ ಇರಲಿಲ್ಲ. ಹೆಬ್ಬೆರಳಿನ ಒಂದು ಗಿಣ್ಣಿನಷ್ಟು ಬಿಳಿ. ಮೂರು ವಾರದಿಂದ ಬುರುಲ್ ಶನಿವಾರ ಶನಿವಾರ ಗ್ರಂಥಾಲಯದ ಹಿಂದಿನ ಈ ಕೋಣೆಗೆ ಬಂದು, ಒಲೆ ಹೊತ್ತಿಸಿ, ಶಾಯಿಯ ಮುಚ್ಚಳ ತೆಗೆದು, ಆ ಬಿಳಿಯನ್ನು ನೋಡುತ್ತ ಕೂತು, ಬೇರೆಲ್ಲೋ ಒಂದು ಹೆಸರನ್ನು ತಿದ್ದಿ ಮನೆಗೆ ಹೋಗುತ್ತಿದ್ದಳು. ಸೋಮವಾರ ಕಾಗದ ಅಚ್ಚಿಗೆ ಹೋಗಬೇಕು. ಇವತ್ತು ಶನಿವಾರ. ಅಲ್ಲದೆ ಇವತ್ತು ತೆಮಿರ್‌ಕುಲ್ ಬರುವವನಿದ್ದ.

ಅವಳಿಗೆ ಐವತ್ತೆರಡು. ಊರಿನ ಶಾಲೆಯಲ್ಲಿ ಭೂಗೋಳದ ಟೀಚರು. ನದಿಗಳನ್ನೂ ಗಡಿಗಳನ್ನೂ ವರ್ಷಾನುಗಟ್ಟಲೆ ಕಪ್ಪುಹಲಗೆಯ ಮೇಲೆ ಎಳೆದ ಕೈಗೆ ಅಳತೆಪಟ್ಟಿ ಬೇಕಾಗಿರಲಿಲ್ಲ. ಆ ಕೈಯ ಸಲುವಾಗಿಯೇ ವಂಶಾವಳಿ ಸಂಘದ ಮುದುಕರು ಅವಳನ್ನು ಕಾರ್ಯದರ್ಶಿ ಮಾಡಿಕೊಂಡಿದ್ದರು. ಕಾರ್ಯದರ್ಶಿ ಎಂದರೆ ಬೇಸಿಗೆಯಲ್ಲಿ ಕಾಗದ, ಇದ್ದಿಲು ಹಿಡಿದು ಬೆಟ್ಟದ ಬುಡದ ಗೋರಿಗಳ ಮುಂದೆ ಮಂಡಿಯೂರಿ ಸವೆದುಹೋದ ಹೆಸರುಗಳ ಅಚ್ಚು ತೆಗೆಯುವುದು. ಚಳಿಗಾಲದಲ್ಲಿ ಹಲ್ಲುದುರಿದ ಅಜ್ಜಂದಿರ ಮಾತನ್ನು ಧ್ವನಿಮುದ್ರಿಸಿಕೊಳ್ಳಲು ಹೋಗಿ ಅವರು ಕೆಮ್ಮಿ ಮುಗಿಸುವುದನ್ನೇ ಕಾಯುವುದು. ಮಗನ ಮದುವೆ ಗೊತ್ತುಮಾಡುವ ಹೊತ್ತಿಗೆ ಏಳು ತಲೆಮಾರಿನ ಅಪ್ಪಂದಿರ ಹೆಸರು ಮರೆತುಹೋಯಿತೆಂದು ದೂರದೂರಿನಿಂದ ಗಾಬರಿಯಾಗಿ ಫೋನು ಮಾಡುವವರಿಗೆ ಪುಸ್ತಕ ನೋಡಿ ಹೇಳುವುದು. ಒಮ್ಮೆ ಒಬ್ಬಾತ, ಕುದುರೆಗಳ್ಳನಾಗಿದ್ದ ತನ್ನ ಮುತ್ತಾತನಿಂದ ತನ್ನ ಕವಲನ್ನು ಬಿಡಿಸಿ ಪಕ್ಕದ ವೀರನೊಬ್ಬನಿಗೆ ಸೇರಿಸಿಕೊಡಿ ಎಂದು ಕೊಬ್ಬಿದ ಕುರಿಯೊಂದನ್ನು ಗ್ರಂಥಾಲಯದ ಬೇಲಿಗೆ ಕಟ್ಟಿ ಹೋಗಿದ್ದ. ಕಾರ್ಯದರ್ಶಿ ಎಂದರೆ ಚಹಾ ಬಗ್ಗಿಸುವವಳೂ ಹೌದು. ಮುನ್ನೂರ ಹನ್ನೆರಡರಲ್ಲಿ ಅವಳ ಹೆಸರಿರಲಿಲ್ಲ. ಹೆಣ್ಣುಮಕ್ಕಳನ್ನು ಬರೆಯುವ ರೂಢಿಯಿಲ್ಲ. ಇಪ್ಪತ್ತೈದಕ್ಕೆ ತಲಾಸಿನ ಕಡೆಯ ಒಬ್ಬನಿಗೆ ಕೊಟ್ಟಿದ್ದರು, ನಾಲ್ಕು ವರ್ಷಕ್ಕೆ ಮಕ್ಕಳಿಲ್ಲದೆ ಒಂದು ಪೆಟ್ಟಿಗೆ ಹಿಡಿದು ಹಿಂದಿರುಗಿದ್ದಳು. ಆ ಮನೆಯ ಮರದಲ್ಲೂ ಅವಳಿಲ್ಲ. ಅಪ್ಪನ ಕವಲನ್ನು ಬರೆಯುವಾಗ ಮಾತ್ರ ತಮ್ಮನ ಹೆಸರಿನ ಎಡಕ್ಕೆ, ಯಾರಿಗೂ ಹೊಳೆಯದಷ್ಟು, ಜಾಗ ಹೆಚ್ಚು ಬಿಟ್ಟಿದ್ದಳು.

ಮೂರು ವಾರದ ಕೆಳಗೆ, ಬೇರೆ ಯಾವುದೋ ಮನೆತನಕ್ಕೆಂದು ತರಿಸಿದ್ದ ಹಳೆಯ ಮನೆಗಣತಿಯ ನಕಲು ಬಂದಿತ್ತು. ಸಾವಿರದ ಒಂಬೈನೂರ ಇಪ್ಪತ್ತಾರನೆಯ ಇಸವಿ. ಕುದುರೆಯ ಮೇಲೆ ಕೂತೇ ಬರೆದಿರಬೇಕು, ಅಕ್ಷರಗಳು ಕುಣಿಯುತ್ತಿದ್ದವು. ಮನೆಯ ಯಜಮಾನ ಕೆರಿಮ್, ಅರವತ್ತಾರು. ಹೆಂಡತಿ. ಮಗ ಇಮಾಶ್, ಮೂವತ್ತೆಂಟು. ಸೊಸೆ. ಮೊಮ್ಮಗ ಸೂರೊನ್, ಹದಿನೇಳು. ಮೊಮ್ಮಗ! ಊರಿನ ಮರ್ಯಾದೆ ಗೊತ್ತಿಲ್ಲದ ಪರಸ್ಥಳದ ಗುಮಾಸ್ತನೊಬ್ಬ ಕೇಳಿದ್ದನ್ನು ಕೇಳಿದ ಹಾಗೆ ಬರೆದು ಹೋಗಿದ್ದ. ಊರಿನವರಾರೂ ಹಾಗೆ ಬರೆಯುತ್ತಿರಲಿಲ್ಲ. ಚೊಚ್ಚಲ ಮಗುವನ್ನು ಗಂಡನ ತಂದೆತಾಯಿಯ ಮಡಿಲಿಗೆ ಹಾಕುವುದು, ಮಗು ಅಜ್ಜ ಅಜ್ಜಿಯನ್ನೇ ಅಪ್ಪ ಅಮ್ಮ ಎಂದು ಕರೆಯುವುದು, ಹೆತ್ತವರನ್ನು ಅಣ್ಣ ಅತ್ತಿಗೆ ಎನ್ನುವುದು, ಇದೆಲ್ಲ ಈ ಕಣಿವೆಯ ಯಾವ ಮನೆಯಲ್ಲಿಲ್ಲ? ಕೊಟ್ಟ ಮೇಲೆ ಅದು ಅಜ್ಜನ ಮಗನೇ. ಬೇರೆ ಮಾತಾಡುವುದು ಸಣ್ಣತನ. ಮರ ಬರೆಯುವಾಗ ನಡುವಿನ ಒಬ್ಬ ಅಪ್ಪ ಕಣ್ಮರೆಯಾಗುತ್ತಾನೆ, ಅಷ್ಟೆ. ನಕಲನ್ನು ಹಿಡಿದು ಬುರುಲ್ ಕಿಟಕಿಯ ಬೆಳಕಿಗೆ ಹೋಗಿದ್ದಳು. ಅಲ್ಲಿಗೆ ಹೋಗುವಷ್ಟರಲ್ಲಿ ಒದ್ದೆ ಉಣ್ಣೆಯ ವಾಸನೆ ಮೂಗಿಗೆ ಬಂದಿತ್ತು. ಹನ್ನೆರಡು ವರ್ಷದವಳಾಗಿದ್ದಾಗ ಅಂಗಳದಲ್ಲಿ ಅಜ್ಜಿ ಉಣ್ಣೆಯ ಹಾಸು ಮಾಡುತ್ತ, ಮೊಣಕೈಯಲ್ಲಿ ಒತ್ತಿ ಒತ್ತಿ ಸುರುಳಿ ಉರುಳಿಸುತ್ತ, ಉಸಿರಿನ ನಡುವೆ ಹೇಳಿದ್ದಳು: "ಅಣ್ಣ ಅಂತೆ ಅಣ್ಣ. ಇಮಾಶ್ ಸೂರೊನ್‌ಗೆ ಅಪ್ಪ ಕಣೇ. ನಲವತ್ತು ದಿನದ ಕೂಸನ್ನ ಅತ್ತೆ ಎತ್ಕೊಂಡು ಹೋದ್ಳು. ಹೆತ್ತೋಳು ಎದೆಹಾಲು ಹಿಂಡಿ ಹಿಂಡಿ ಒಲೆ ಬೂದಿಗೆ ಚೆಲ್ತಿದ್ಲು. ನೀರು ಹಾಕು, ಏನು ಬಾಯಿ ಬಿಟ್ಕೊಂಡು ನಿಂತಿದೀಯ, ಆರ್ತಾ ಇದೆ!" ಬುರುಲ್ ನೀರು ಹಾಕಿದ್ದಳು. ಆ ಮಾತು ಮತ್ತೆ ಯಾವಾಗ ನೆನಪಾಯಿತು? ಮೂರು ವಾರದ ಕೆಳಗೆ, ಕಿಟಕಿಯ ಹತ್ತಿರ, ಎಂದು ತನಗೆ ತಾನೇ ಹೇಳಿಕೊಂಡಳು. ಎರಡನೆಯ ಸಲ ಹೇಳಿಕೊಂಡಾಗ ಅಷ್ಟು ಖಾತ್ರಿ ಇರಲಿಲ್ಲ.

ಬಾಗಿಲು ತಳ್ಳಿಕೊಂಡು ದೊಡ್ಡಪ್ಪ ಮಂಬೆತಾಲಿ, ಅವರ ತೋಳು ಹಿಡಿದು ದನದ ಡಾಕ್ಟರು ಕಾಲಿಲ್ ಒಳಗೆ ಬಂದರು. ದೊಡ್ಡಪ್ಪನಿಗೆ ಎಂಬತ್ತನಾಲ್ಕು, ಸಂಘವನ್ನು ಕಟ್ಟಿದವರು ಅವರೇ. ಎರಡು ವರ್ಷದಿಂದ ಕಣ್ಣಿಗೆ ಬೆಳಕು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ, ಆದರೂ ಒಲೆ ಎಲ್ಲಿದೆ, ಮೇಜು ಎಲ್ಲಿದೆ ಎಂದು ಕೇಳದೆ ನೆಟ್ಟಗೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತು, ಸೊಂಟದ ಚೀಲ ಬಿಚ್ಚಿ ಮೇಜಿನ ಮೇಲಿಟ್ಟರು. ಚೀಲದೊಳಗೆ ಕುರಿಯ ಕೀಲುಮೂಳೆಗಳು ಗಲಗಲ ಅಂದವು.

"ಏನ್ ಟೀಚರಮ್ಮ, ಇವತ್ತಾದ್ರೂ ಕೆರಿಮಜ್ಜನ ಮನೆ ಬಾಗಿಲು ಹಾಕ್ತೀರೋ, ಇಲ್ಲ ಹಂಗೇ ತೆರೆದಿಟ್ಟು ಚಳಿಗೆ ಸಾಯಿಸ್ತೀರೋ?" ಎಂದ ಕಾಲಿಲ್, ಬಿಳಿಯ ಜಾಗದ ಮೇಲೆ ಬಾಗಿ.

"ಶಾಯಿ ಸರಿಯಾಗಿ ಒಣಗ್ತಿಲ್ಲ ಕಾಲಿಲ್ ಅಣ್ಣ."

"ಮೂರು ವಾರದಿಂದ? ಅಷ್ಟರಲ್ಲಿ ಹಸು ಗಬ್ಬ ನಿಲ್ಲುತ್ತೆ. ನೋಡಿ ದೊಡ್ಡೋರೇ, ನನಗೆ ಈ ತಾಲ್ಲೂಕಿನ ಟಗರುಗಳ ಏಳು ತಲೆಮಾರು ಬಾಯಿಪಾಠ. ನನ್ನದೇ ಹೇಳು ಅಂದ್ರೆ ನಾಲ್ಕನೇ ಅಪ್ಪನ ಹತ್ರ ಮುಗ್ಗರಿಸ್ತೀನಿ."

"ಟಗರುಗಳು ಮರ್ಯಾದಸ್ತರು," ಎಂದರು ದೊಡ್ಡಪ್ಪ. "ನಿನ್ನ ನಾಲ್ಕನೇ ಅಪ್ಪನ್ನ ಮರೆತದ್ದೇ ಒಳ್ಳೇದು."

ಕಾಲಿಲ್ ಹೊಟ್ಟೆ ಕುಣಿಸಿ ನಕ್ಕ. ಬುರುಲ್ ಚಹಾದ ಪಾತ್ರೆಯನ್ನು ಒಲೆಯ ಮೇಲಿಟ್ಟು ಬಟ್ಟಲುಗಳನ್ನು ಒರೆಸಿದಳು. ಮೂರು ಒರೆಸಿ, ನಾಲ್ಕನೆಯದನ್ನು ಕೈಯಲ್ಲೇ ಹಿಡಿದು ನಿಂತಳು. ಮೂವತ್ತು ವರ್ಷದ ಕೆಳಗಿನ ಆವತ್ತಿನ ಬಟ್ಟಲು ನೀಲಿಯದು, ಅಂಚಿನಲ್ಲಿ ಹತ್ತಿಯ ಹೂವಿನ ಚಿತ್ರ. ಅವಳಿಗೆ ಇಪ್ಪತ್ತೆರಡು, ಸೇಬು ಕಾಯಿ ಕಟ್ಟುವ ಕಾಲ, ದೊಡ್ಡಪ್ಪನ ಮನೆಯ ಹಾಸಿನ ಮೇಲೆ ತೆಮಿರ್‌ಕುಲ್ ತನ್ನ ಅಪ್ಪ ಕಾದಿರ್ ಜೊತೆ ಅವಳನ್ನು ಕೇಳಲು ಬಂದು ಮಂಡಿ ಮಡಿಸಿ ಕೂತಿದ್ದ, ಲಾರಿಯ ಎಣ್ಣೆ ಹೋಗದ ಉಗುರುಗಳನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡು. ಒಂದು ವರ್ಷದಿಂದ ಅವನ ಲಾರಿ ಅಗತ್ಯವಿಲ್ಲದಿದ್ದರೂ ಶಾಲೆಯ ಹಿಂದಿನ ರಸ್ತೆಯಲ್ಲೇ ಬರುತ್ತಿತ್ತು. ಒಂದು ವರ್ಷದಿಂದ ಅವಳು ಕಿಟಕಿಯ ಕಡೆ ಬೆನ್ನು ಮಾಡಿ, ಇಂಜಿನ್ನಿನ ಸದ್ದಿನಲ್ಲೇ ಅವನು ಗೇರು ಬದಲಿಸಿದ್ದನ್ನು ಗುರುತಿಸಿ, ಮಕ್ಕಳಿಗೆ ಅಮುದರಿಯಾ ನದಿಯ ಉಗಮಸ್ಥಾನವನ್ನು ಎರಡೆರಡು ಸಲ ಹೇಳಿದ್ದಳು. ದೊಡ್ಡಪ್ಪ ಚೀಲ ಬಿಚ್ಚಿದರು. ಒಬ್ಬೊಬ್ಬ ಅಪ್ಪನಿಗೆ ಒಂದೊಂದು ಮೂಳೆ. ಹುಡುಗಿಯ ಕಡೆಯದು ಎಂಟು, ಏಳನ್ನು ದಾಟಿತು, ಅಡ್ಡಿಯಿಲ್ಲ. ಹುಡುಗನ ಕಡೆಯದು: ಕಾದಿರ್, ಸೂರೊನ್, ಕೆರಿಮ್, ತಿಲೆಕ್, ಮೊಲ್ದೊ, ಎಶಿಮ್, ತಿನಾಯ್. ಏಳನೆಯ ಮೂಳೆ ತಿನಾಯ್. ಇಬ್ಬರಿಗೂ ಒಬ್ಬನೇ ಆದ ಮೂಲಪುರುಷ ಏಳು ತಲೆಮಾರಿನೊಳಗೆ ಸಿಕ್ಕರೆ ಮದುವೆಯಿಲ್ಲ; ಎರಡೂ ಕಡೆ ಏಳು ದಾಟಬೇಕು. ಒಂದು ಕಡಿಮೆ. ಎಂಟನೆಯ ಮೂಳೆ ದೊಡ್ಡಪ್ಪನ ಮುಷ್ಟಿಯಲ್ಲೇ ಉಳಿದಿತ್ತು. ಅವರು ತಕ್ಷಣ ಏನೂ ಹೇಳಲಿಲ್ಲ. ಬಹಳ ಹೊತ್ತು ಹೇಳಲಿಲ್ಲ. ತೆಮಿರ್‌ಕುಲ್ ಏನಾದರೂ ಅನ್ನಲಿ ಎಂದು ಅವಳು ಬಾಗಿಲ ಹತ್ತಿರ ಕಾದಳು; ಇನ್ನೊಮ್ಮೆ ಎಣಿಸಿ ಅನ್ನಲಿ, ಜಗಳವಾಡಲಿ, ಕೊನೆಗೆ ತಲೆಯೆತ್ತಿ ನೋಡಲಿ. ಅವನು ಹಾಸಿನ ಅಂಚಿನ ದಾರವೊಂದನ್ನು ಎಳೆಯುತ್ತಿದ್ದ. ಆಗ ಒಳಗಿನಿಂದ ದೊಡ್ಡಮ್ಮ ಅವಳ ಸೊಂಟ ಚಿವುಟಿ, "ಪೂರ್ತಿ ತುಂಬು," ಎಂದು ಕಿವಿಯಲ್ಲಿ ಊದಿದಳು. ಮನೆಗೆ ಬಂದವರಿಗೆ ಅರ್ಧ ಬಟ್ಟಲು ಬಗ್ಗಿಸಬೇಕು. ಖಾಲಿಯಾದ ಹಾಗೆ ಮತ್ತೆ ಚಾಚುತ್ತಾರೆ, ಮತ್ತೆ ಅರ್ಧ, ಹೀಗೆ ಕೂತಿರಲಿ ಎಂದು. ತುಂಬಿ ತುಳುಕುವ ಬಟ್ಟಲಿಗೆ ಅರ್ಥ ಒಂದೇ: ಇನ್ನು ಏಳಿ. ಅವಳು ನೀಲಿ ಬಟ್ಟಲನ್ನು ಹತ್ತಿಯ ಹೂವು ಮುಳುಗುವವರೆಗೆ ತುಂಬಿ ಅವನ ಮುಂದಿಟ್ಟಳು. ಅವನು ಸುಡುವ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ಊದದೆ, ಒಂದೇ ಸಲಕ್ಕೆ ಕುಡಿದು ಎದ್ದುಹೋದ.

"ಅಸ್ಸಲಾಮು ಅಲೈಕುಂ!" ಎಂಬ ದನಿಗೆ ಬಟ್ಟಲು ಕೈಜಾರಿ ಮೇಜಿಗೆ ಕಟಕ್ಕೆಂದು ತಾಗಿತು, ಒಡೆಯಲಿಲ್ಲ.

ತೆಮಿರ್‌ಕುಲ್ ಬಾಗಿಲಿಗಿಂತ ದಪ್ಪವಾಗಿದ್ದ. ಉಣ್ಣೆಯ ಬಿಳಿ ಟೋಪಿಯ ಕೆಳಗೆ ಕಿವಿಯ ಪಕ್ಕದ ಕೂದಲೂ ಬಿಳಿಯಾಗಿತ್ತು. ಅವಳು ತಲಾಸಿನಲ್ಲಿದ್ದ ನಾಲ್ಕು ವರ್ಷ ಬಿಟ್ಟರೆ ಮೂವತ್ತು ವರ್ಷವೂ ಒಂದೇ ಊರಲ್ಲಿದ್ದರೂ ಅವರಿಬ್ಬರು ಒಂದೇ ಕೋಣೆಯಲ್ಲಿ ನಿಂತದ್ದು ಸಾವಿನ ಮನೆಗಳಲ್ಲಿ ಮಾತ್ರ, ಅದೂ ಗಂಡಸರು ಹೊರಗೆ, ಹೆಂಗಸರು ಒಳಗೆ. ಅವನ ಕೈಯಲ್ಲಿ ಹೂವಿನ ಚಿತ್ತಾರದ ಬಟ್ಟೆಯ ಚೀಲವಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಮಗುವಿನ ಹಾಗೆ ಎದೆಗೆ ಅವಚಿಕೊಂಡಿದ್ದ.

"ಬಾ ಬಾ, ಬೀಗನಾಗೋನೇ!" ಎಂದ ಕಾಲಿಲ್. "ಚೀಲದಲ್ಲಿ ಏನು, ಲಂಚವೋ?"

"ಬೋರ್ಸೊಕ್ ಡಾಕ್ಟ್ರೇ. ಮನೆಯೋಳು ಬೆಳಿಗ್ಗೆ ಎದ್ದು ಕರಿದಿದ್ದು. ಚೀಲ ಮಾತ್ರ ವಾಪಸ್ ತರಬೇಕಂತೆ. ಹೋದ್ಸಲ ಎಲ್ಲೋ ಬಿಟ್ಟುಬಂದೆ, ಇನ್ನೂ ಬೈತಾನೇ ಇದಾಳೆ."

"ಚೆನ್ನಾಗಿದೀರಾ?" ಎಂದು ಬುರುಲ್ ಕೇಳಿದಳು. "ದೇವರ ದಯೆ. ನೀವು?" ಎಂದ ಅವನು. ನೀವು. ಅಷ್ಟಕ್ಕೇ ಇಬ್ಬರೂ ಸುಸ್ತಾದವರಂತೆ ಬೇರೆ ಬೇರೆ ಕಡೆ ತಿರುಗಿದರು.

ಅವನು ಬಂದದ್ದು ಮಗನಿಗಾಗಿ. ಬಿಶ್ಕೆಕ್‌ನಲ್ಲಿ ಓದುವ ಅವನ ಮಗ ಎರ್ಲಾನ್, ಅಲ್ಲೇ ಓದುವ ಬುರುಲ್‌ಳ ತಮ್ಮನ ಮಗಳು ಐಜಾನ್, ಒಬ್ಬರಿಗೊಬ್ಬರು ಒಪ್ಪಿಕೊಂಡಿದ್ದರು. ಲೆಕ್ಕ ಸರಿಬಂದರೆ ಮುಂದಿನ ವಾರ ಹುಡುಗಿಯ ಕಿವಿಗೆ ಓಲೆ ಹಾಕಿ ಗೊತ್ತುಮಾಡುವುದು. ಲೆಕ್ಕ ಸರಿಬರುತ್ತದೆಂದು ಬುರುಲ್‌ಗೆ ಮೊದಲೇ ಗೊತ್ತಿತ್ತು. ಎರಡೂ ಕಡೆ ಒಂದೊಂದು ತಲೆಮಾರು ಮುಂದೆ ಹೋಗಿದೆ. ಹುಡುಗಿಯ ಕಡೆ ಒಂಬತ್ತು, ಹುಡುಗನ ಕಡೆ, ಇಮಾಶನನ್ನು ಬಿಟ್ಟು ಎಣಿಸಿದರೂ, ಎಂಟು. ಅವಳು ಮೂರು ವಾರ ಬಚ್ಚಿಟ್ಟುಕೊಂಡಿದ್ದ ಸತ್ಯದ ಅಗತ್ಯ ಈ ಮಕ್ಕಳಿಗೆ ಎಳ್ಳಷ್ಟೂ ಇರಲಿಲ್ಲ. ಅದು ಯಾರ ಉಪಯೋಗಕ್ಕೂ ಬಾರದ ಸತ್ಯ. ಆದರೂ ದೊಡ್ಡಪ್ಪ ಮೂಳೆಗಳನ್ನು ಜೋಡಿಸಲು ತೊಡಗಿದಾಗ ಅವಳೂ ಮನಸ್ಸಿನಲ್ಲೇ ಎಣಿಸತೊಡಗಿದಳು. ಹುಡುಗನ ಕಡೆ: ತೆಮಿರ್‌ಕುಲ್, ಕಾದಿರ್, ಸೂರೊನ್. ದೊಡ್ಡಪ್ಪನ ಬೆರಳುಗಳು ಸೂರೊನ್‌ನ ಮೂಳೆಯ ಮೇಲೆ ಒಂದು ಕ್ಷಣ ಹೆಚ್ಚು ನಿಂತವೇ? ಕೆರಿಮ್. ತಿಲೆಕ್. ಮೊಲ್ದೊ. ಎಶಿಮ್. ತಿನಾಯ್.

"ಎಂಟು," ಎಂದರು ದೊಡ್ಡಪ್ಪ. "ದಾಟಿತು."

ಎಲ್ಲರೂ ಅಂಗೈ ಬಿಚ್ಚಿ ಹರಸಿ ಮುಖ ಸವರಿಕೊಂಡರು. ತೆಮಿರ್‌ಕುಲ್‌ನ ಅಂಗೈ ಮುಖದ ಮೇಲೆ ಇಳಿದು ಗಡ್ಡದ ಹತ್ತಿರ ನಿಂತುಬಿಟ್ಟಿತು. ಅವನು ಸಾಲಾಗಿ ಇಟ್ಟಿದ್ದ ಎಂಟು ಮೂಳೆಗಳನ್ನೇ ನೋಡುತ್ತಿದ್ದ. ಬುರುಲ್ ಚಹಾ ಬಗ್ಗಿಸಿದಳು, ಎಲ್ಲರಿಗೂ ಅರ್ಧ, ಅವನಿಗೂ ಅರ್ಧ. ಬಟ್ಟಲು ಕೊಡಲು ಬಾಗಿದಾಗ ಅವನು ಮೂಳೆಗಳಿಂದ ಕಣ್ಣು ಕೀಳದೆ, ಕಾಲಿಲ್‌ಗೆ ಕೇಳದಷ್ಟು ಮೆಲ್ಲಗೆ ಅಂದ: "ನಾವು ಒಂದು ತಲೆಮಾರು ಬೇಗ ಹುಟ್ಟಿಬಿಟ್ವಿ, ಅಲ್ವಾ? ಅಷ್ಟೇ ಆಗಿದ್ದು. ಯಾರದೂ ತಪ್ಪಿಲ್ಲ." ಆ ಮಾತನ್ನು ಅವನು ಬಹಳ ವರ್ಷಗಳಿಂದ ಜೇಬಿನಲ್ಲಿಟ್ಟುಕೊಂಡು ಉಜ್ಜಿ ಉಜ್ಜಿ ನುಣುಪು ಮಾಡಿದ್ದ ಹಾಗಿತ್ತು. ಹಿಮ ಬಿದ್ದು ಕಣಿವೆಯ ದಾರಿ ಮುಚ್ಚಿದರೆ ಯಾರನ್ನು ಬೈಯುವುದು, ಆ ಥರ. ಅವಳ ಗಂಟಲಿಗೆ ಬಂದದ್ದು 'ಅಲ್ಲ' ಎಂಬ ಮಾತು. ಹೇಳಿದರೆ ಅವನ ಕೈಯಿಂದ ಏನನ್ನು ಕಿತ್ತುಕೊಂಡಂತಾಗುತ್ತದೆ ಎಂದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಮೂವತ್ತು ವರ್ಷ ಅವನು ನೆಮ್ಮದಿಯಿಂದ ಮಲಗಿದ್ದರೆ ಆ ಏಳು ಮೂಳೆಗಳ ಮೇಲೆಯೇ ಮಲಗಿದ್ದ. "ಬೋರ್ಸೊಕ್ ಚೆನ್ನಾಗಿದೆ," ಎಂದಳು. ತಿಂದೇ ಇರಲಿಲ್ಲ.

ಮುದುಕರಿಗೆ ಬೇಗ ದಣಿವು. ಮೂರನೆಯ ಬಟ್ಟಲಿಗೆ ದೊಡ್ಡಪ್ಪ ಕೈಯಡ್ಡ ಹಿಡಿದರು. ಹೊರಗೆ ಗಾಳಿ ಧೂಳೆಬ್ಬಿಸುತ್ತಿತ್ತು. ಕಾಲಿಲ್‌ನ ಹಳೆಯ ಕಾರು ತಳ್ಳದೆ ಹೊರಡುವುದಿಲ್ಲವಾದ್ದರಿಂದ ಅವನು ತೆಮಿರ್‌ಕುಲ್‌ನನ್ನೂ ಎಳೆದುಕೊಂಡು ಹೋದ: "ಬಾರಯ್ಯಾ, ಲಾರಿ ತಳ್ಳಿದ ಭುಜ ತಾನೆ? ನಿನ್ನ ಹೆಂಡ್ತಿ ಬಜಾರಿಂದ ಬರೋದ್ರೊಳಗೆ ಸ್ವಲ್ಪ ಕೊಬ್ಬು ಕರಗಲಿ." ಬಾಗಿಲು ಮುಚ್ಚಿತು. ದೊಡ್ಡಪ್ಪ ಮೇಜಿನ ಮೇಲೆ ಕೈಯಾಡಿಸಿ ಮೂಳೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

"ಕೆರಿಮನ ಕವಲು ಓದು ಮಗಳೇ," ಎಂದರು.

"ಕೆರಿಮ್. ಅವನ ಮಕ್ಕಳು..."

"ಓದು."

"ದೊಡ್ಡಪ್ಪಾ, ಹಳೇ ಗಣತಿಯ ನಕಲು ಬಂದಿದೆ. ಅದರಲ್ಲಿ ಸೂರೊನ್ ಮೊಮ್ಮಗ ಅಂತಿದೆ."

ಮೂಳೆ ಹಿಡಿದ ಕೈ ಚೀಲದ ಬಾಯಲ್ಲಿ ನಿಂತಿತು. ಅವರು ಆಶ್ಚರ್ಯಪಡುತ್ತಾರೆ, ತಪ್ಪಾಯಿತೆಂದು ಹಣೆ ಬಡಿದುಕೊಳ್ಳುತ್ತಾರೆ ಎಂದು ಮೂರು ವಾರದಿಂದ ಅವಳು ಆ ಗಳಿಗೆಯನ್ನು ನೂರು ಸಲ ಕಟ್ಟಿ ಕೆಡವಿದ್ದಳು; ಆ ಮುಖದ ಮೇಲೆ ಹಾಗೇನೂ ಆಗಲಿಲ್ಲ.

"ನನಗೆ ಗೊತ್ತು," ಎಂದರು ದೊಡ್ಡಪ್ಪ. "ಇಮಾಶ್ ಸಾಯೋ ಹೊತ್ತಿಗೆ ನನ್ನನ್ನ ಕರೆಸ್ಕೊಂಡಿದ್ದ. ನಾನು ಆಗಿನ್ನೂ ಹೆಸರು ಬರಕೊಳ್ಳೋಕೆ ಶುರು ಮಾಡಿದ್ದೆ, ಕದ್ದುಮುಚ್ಚಿ. ಹೇಳಿದ: ನನ್ನ ಹೆಸರಿನ ಮೇಲೆ ಯಾರನ್ನೂ ಕೂರಿಸ್ಬೇಡ ಮಂಬೆತಾಲಿ. ಅಪ್ಪ ಅಮ್ಮಂಗೆ ಕೊಟ್ಟಾಗಿದೆ. ಸತ್ತ ಮೇಲೆ ಕಿತ್ಕೊಂಡ ಅನ್ನಿಸ್ಕೋಬಾರದು. ನಾನು ಆಗಲಿ ಅಂದೆ." ಅವರು ಮೂಳೆಯನ್ನು ಬೆರಳಲ್ಲಿ ತಿರುಗಿಸಿದರು. "ಸೂರೊನ್ ಸತ್ತಾಗ ನಾನು ಇಮಾಶ್‌ನ ಪಕ್ಕದಲ್ಲೇ ನಿಂತಿದ್ದೆ. ನನಗೆ ಇಪ್ಪತ್ತು. ಬಂದವರೆಲ್ಲ ಅವನನ್ನ ತ‌ಬ್ಕೋತಿದ್ರು. ಅವನು 'ತಮ್ಮಾ, ತಮ್ಮಾ' ಅಂತಲೇ ಅತ್ತ. ಸಂಜೆವರೆಗೂ. ಒಂದ್ಸಲಾನೂ ಬಾಯಿ ತಪ್ಪಲಿಲ್ಲ."

"ಹಾಗಾದ್ರೆ ಆವತ್ತು... ಎಂಟು ಅಂತ ಗೊತ್ತಿದ್ದೂ..."

"ಗೊತ್ತಿದ್ದೂ."

"ನಾನು ಅಲ್ಲೇ ನಿಂತಿದ್ದೆ ದೊಡ್ಡಪ್ಪಾ!"

"ನಿಂತಿದ್ದೆ. ಅದಕ್ಕೇ ಕಾದೆ." ಬೆಳಕು ಮಾತ್ರ ಕಾಣುವ ಆ ಕಣ್ಣುಗಳು ಅವಳ ಕಡೆಗಲ್ಲ, ಕಿಟಕಿಯ ಕಡೆ ತಿರುಗಿದ್ದವು. "ನಾನು ಮಾತು ಕೊಟ್ಟು ಬಾಯಿ ಕಟ್ಕೊಂಡವನು. ಕಾದಿರ್‌ಗೆ ಏನೂ ಗೊತ್ತಿರಲಿಲ್ಲ. ನಮ್ಮವ್ವ ನಿನಗೆ ಹೇಳಿದ್ದು ನನಗೆ ಗೊತ್ತಿತ್ತು. ಉಣ್ಣೆ ಒತ್ತೋವಾಗ ಅವಳು ಯಾವ ಗುಟ್ಟು ತಾನೆ ಬಿಟ್ಟಿದ್ಲು? ನಿನ್ನ ಬಾಯಿ ಯಾರೂ ಕಟ್ಟಿರಲಿಲ್ಲ. ಎಂಟನೇ ಮೂಳೆ ಮುಷ್ಟೀಲಿಟ್ಕೊಂಡು ಕೂತೆ. ಹುಡುಗಿ ಒಂದು ಮಾತು ಅಂದ್ರೆ ಸಾಕು, ಇಡೋಣ ಅಂತ. ನೀನು ಬಂದು ತುಂಬಿದ ಬಟ್ಟಲು ಇಟ್ಟೆ. ಸರಿ, ಹುಡುಗಿಗೇ ಮನಸ್ಸಿಲ್ಲ ಅಂದ್ಕೊಂಡೆ."

"ದೊಡ್ಡಮ್ಮ ತುಂಬು ಅಂದ್ಲು."

"ನಿನ್ನ ದೊಡ್ಡಮ್ಮ ಅಂದದ್ದು ನನಗೆ ಕೇಳಿಸ್ಲಿಲ್ಲ ಮಗಳೇ," ಎಂದರು ದೊಡ್ಡಪ್ಪ. ಮತ್ತೆ, ಕೈಯಲ್ಲಿದ್ದ ಮೂಳೆಯನ್ನು ಚೀಲಕ್ಕೆ ಹಾಕಿ, "ನನಗೆ ಬಟ್ಟಲು ಕಂಡಿತು," ಎಂದರು.

ಹೊರಗೆ ಕಾರಿನ ಹಾರ್ನು ಕೂಗಿತು. ಅವರು ಎದ್ದು ಕೋಲಿಗಾಗಿ ತಡಕಿದರು. ಬುರುಲ್ ಕೋಲನ್ನು ಅವರ ಕೈಗೆ ಕೊಟ್ಟಳು, ಕೋಟಿನ ಗುಂಡಿ ಹಾಕಿದಳು, ಟೋಪಿ ಸರಿಮಾಡಿದಳು. ಕೈಗಳು ತಮ್ಮಷ್ಟಕ್ಕೆ ಈ ಕೆಲಸಗಳನ್ನು ಮಾಡುತ್ತಿದ್ದವು. ಹೊಸ್ತಿಲಲ್ಲಿ ಅವರು ನಿಂತು, "ನನಗೆ ಕಣ್ಣು ಕಾಣಲ್ಲ. ನೀನು ಏನು ಬರೆದೆ ಅಂತ ನಾನು ನೋಡೋಕಾಗಲ್ಲ. ಇಮಾಶ್‌ಗೆ ಮಾತು ಕೊಟ್ಟೋನು ನಾನು. ನೀನಲ್ಲ," ಎಂದು ಹೇಳಿ, ಗೋಡೆ ಹಿಡಿದು, ಗಾಳಿಗೆ ಇಳಿದರು.

ಕೋಣೆಯಲ್ಲಿ ಅವಳೊಬ್ಬಳೇ ಉಳಿದಳು. ಅಳು ಬರುತ್ತದೆಂದು ಕಾದಳು, ಬರಲಿಲ್ಲ. ಬಂದದ್ದು ಒಂದು ನಾಚಿಕೆ, ತುಂಬ ಹಳೆಯದು, ಇಪ್ಪತ್ತೆರಡು ವರ್ಷದ ಹುಡುಗಿಯದು. ನೆನಪಾಗಿತ್ತು. ಆವತ್ತು, ಸೂರೊನ್‌ನ ಮೂಳೆಯ ಪಕ್ಕ ಕೆರಿಮ್‌ನ ಮೂಳೆ ಇಟ್ಟ ಆ ಗಳಿಗೆಯಲ್ಲೇ ಒದ್ದೆ ಉಣ್ಣೆಯ ವಾಸನೆ ಬಂದಿತ್ತು. ಅವಳು ಬಾಯಿ ತೆರೆದಿರಲಿಲ್ಲ, ಏಕೆಂದರೆ ಗಂಡಸರು ಎಣಿಸುವಾಗ ಹುಡುಗಿಯರು ಮಾತಾಡುವುದಿಲ್ಲ. ಏಕೆಂದರೆ ತಾನೇ ಬೇಡಿ ಹೋದಳು ಎಂದು ನಾಳೆ ಹೇಳುತ್ತಾರೆ. ಏಕೆಂದರೆ ಅವನು ಮೊದಲು ತಲೆಯೆತ್ತಲಿ. ಅವನೂ ಏನನ್ನೋ ಕಾದಿದ್ದನೇನೋ. ಮುಷ್ಟಿ ಬಿಗಿಹಿಡಿದ ದೊಡ್ಡಪ್ಪ, ದಾರ ಎಳೆಯುವ ಹುಡುಗ, ಬಾಗಿಲಲ್ಲಿ ನಿಂತ ಹುಡುಗಿ, ಮೂವರೂ ಒಬ್ಬರನ್ನೊಬ್ಬರು ಕಾಯುತ್ತಿದ್ದ ಆ ಕೋಣೆಯೊಳಗೆ ಮಾತಾಡಿದವಳು ದೊಡ್ಡಮ್ಮ ಒಬ್ಬಳೇ, ಅದೂ ಪಿಸುಗುಟ್ಟಿ. ಇಮಾಶನೂ ಹೀಗೆಯೇ ಇದ್ದಿರಬೇಕು. ಒಂದೇ ಅಂಗಳದಲ್ಲಿ ಮಗ ನಡೆಯಲು ಕಲಿತದ್ದನ್ನು, ಬಿದ್ದದ್ದನ್ನು, ಬಿದ್ದಾಗ 'ಅಪ್ಪಾ' ಎಂದು ಬೇರೆ ಕಡೆಗೆ ಓಡಿದ್ದನ್ನು ನೋಡುತ್ತ. ಬಾಯಿ ತಪ್ಪದ ಹಾಗೆ ನಾಲಿಗೆಯನ್ನು ಪಳಗಿಸುತ್ತ. ಅವನು ಬೇಡ ಅಂದಿದ್ದ. ಬೇಡ ಅಂದದ್ದನ್ನು ಮಾಡುವ ಹಕ್ಕು ತನಗೇನಿದೆ? ತನಗಾಗಿ ಮಾಡುತ್ತಿದ್ದೇನೆಯೋ, ಅವನಿಗಾಗಿಯೋ? ಮೂರು ವಾರ ಈ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ, ಈಗಲೂ ಸಿಗಲಿಲ್ಲ. ಬೇಡ ಅಂದವರಿಗೆಲ್ಲ ನಿಜಕ್ಕೂ ಬೇಡವಾಗಿರುತ್ತದೆಯೇ? ತಾನೂ ಒಂದು ತುಂಬಿದ ಬಟ್ಟಲಿನಲ್ಲಿ ಬೇಡ ಅಂದವಳು ತಾನೆ? ಲೇಖನಿಯನ್ನು ಅದ್ದಿ, ಶೀಶೆಯ ಬಾಯಿಯಂಚಿಗೆ ಒರೆಸಿ, ಉಸಿರು ಹಿಡಿದು, ಇಮಾಶನ ಹೆಸರಿನ ನೆತ್ತಿಯಿಂದ ಸೂರೊನ್‌ನ ಹೆಸರಿನ ಬುಡಕ್ಕೆ ಗೆರೆ ಎಳೆದಳು. ಒಂದು ಗಿಣ್ಣಿನಷ್ಟು. ಇಮಾಶ್ ಕ್ಷಮಿಸಿದರೆ ಕ್ಷಮಿಸಲಿ, ಇಲ್ಲದಿದ್ದರೆ ಇಲ್ಲ. ಅವನು ಈಗ ತಾತ.

"ಚೀಲ ಬಿಟ್ಟು ಹೋಗ್ತಿದ್ದೆ ನೋಡಿ," ಎನ್ನುತ್ತ ತೆಮಿರ್‌ಕುಲ್ ಒಳಗೆ ಬಂದ. ಏದುಸಿರು, ಹುಬ್ಬಿನಲ್ಲಿ ಧೂಳು. "ಅವಳು ಇನ್ನೇನು ಬರ್ತಾಳೆ. ಕಾರು ತಳ್ಳೀ ತಳ್ಳೀ... ಡಾಕ್ಟ್ರು ಕಾರಿಗಿಂತ ಅವರ ಕತ್ತೆ ವಾಸಿ." ಬೋರ್ಸೊಕ್‌ಗಳನ್ನು ತಟ್ಟೆಗೆ ಸುರಿದು ಚೀಲ ಮಡಿಸುತ್ತ ಮೇಜಿನ ಕಡೆ ನೋಡಿದ. "ಇದೇನಾ ಆ ಮರ? ನನ್ನ ಮಗ ಎಲ್ಲಿ?"

"ಮೇಲೆ, ಬಲಗಡೆ. ಮುಟ್ಟಬೇಡ, ಇನ್ನೂ ಒದ್ದೆ ಇದೆ." ಅಂದ ಮೇಲೆ ಗೊತ್ತಾಯಿತು, ಬೇಡಿ ಎನ್ನಲಿಲ್ಲ, ಬೇಡ ಅಂದಿದ್ದಳು.

ಅವನು ಬಾಗಿದ. ದಪ್ಪ ತೋರುಬೆರಳು ಕಾಗದಕ್ಕೆ ತಾಗದೆ, ಗಾಳಿಯಲ್ಲೇ, ಎರ್ಲಾನ್‌ನನ್ನು ಹುಡುಕಿ, ತನ್ನ ಹೆಸರಿಗೆ ಇಳಿಯಿತು. ಅಲ್ಲಿಂದ, ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿಸಿದ್ದನ್ನು ಒಪ್ಪಿಸುವವನಂತೆ ತುಟಿಯಾಡಿಸುತ್ತ ಕೆಳಕ್ಕೆ ಹೊರಟಿತು. ಕಾದಿರ್. ಸೂರೊನ್. ಬೆರಳು ನಿಂತಿತು. ಹೊಳೆಯುವ ಹಸಿ ಶಾಯಿಯ ಮೇಲೆ, ತಾಗದೆ, ನಿಂತಿತು. ಇಮಾಶ್. ತುಟಿ ಆ ಹೆಸರನ್ನು ಹೊಸದಾಗಿ ಕಲಿತಿತು. ಕೆರಿಮ್. ತಿಲೆಕ್. ಮೊಲ್ದೊ. ಎಶಿಮ್. ತಿನಾಯ್. ಅವನು ಎಡಗೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿಕೊಂಡಿದ್ದ. ಐದು ಮುಗಿದ ಮೇಲೆ ಬಲಗೈ, ಒಂದು, ಎರಡು, ಮೂರು. ಆ ಮೂರು ಬೆರಳನ್ನು ನೋಡಿದ. ಮತ್ತೆ ಮೊದಲಿಂದ ಎಣಿಸಿದ. ಅವಳು ಒಲೆಯ ಹತ್ತಿರ ಬೆನ್ನು ಮಾಡಿ ನಿಂತಿರಲಿಲ್ಲ. ಈ ಸಲ ಅವನ ಮುಖವನ್ನೇ ನೋಡುತ್ತ ನಿಂತಿದ್ದಳು. ಅವನು ತಲೆಯೆತ್ತಿದ.

"ಯಾವಾಗಿಂದ ಗೊತ್ತು?" ಎಂದ.

ಮೂರು ವಾರದಿಂದ ಎನ್ನಬಹುದಿತ್ತು. ಕಾಗದವೂ ಇತ್ತು, ತೋರಿಸಲು.

"ಆವತ್ತೇ," ಎಂದಳು.

ಎಣಿಸಿದ ಬೆರಳುಗಳು ಹಾಗೇ ಮಡಿಸಿಕೊಂಡಿದ್ದವು, ಅವನು ಅವುಗಳನ್ನು ಬಿಡಿಸುವುದನ್ನು ಮರೆತಿದ್ದ. ಹೊರಟುಹೋಗುತ್ತಾನೆ ಎಂದುಕೊಂಡಳು, ಹಾಗೆ ಹೋಗಲು ಅವನಿಗೆ ಪೂರ್ತಿ ಅಧಿಕಾರವಿತ್ತು. ರಸ್ತೆಯ ಕಡೆಯಿಂದ ಹೆಂಗಸೊಬ್ಬಳು ಯಾರನ್ನೋ ಕೂಗುವುದು ಕೇಳಿಸಿತು, ಅವನ ಹೆಂಡತಿಯೋ, ಮತ್ತಾರೋ. ಅವನು ಕಿಟಕಿಯ ಕಡೆ ನೋಡಿದ. ಚೀಲವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಆಮೇಲೆ, ಮಂಡಿ ಹಿಡಿದು, ನರಳಿ, ದೊಡ್ಡಪ್ಪನ ಕುರ್ಚಿಯಲ್ಲಿ ಕೂತ.

"ಚಹಾ ಇದೆಯಾ?"

ಪಾತ್ರೆಯಲ್ಲಿ ಬೇಕಾದಷ್ಟಿತ್ತು. ಅವಳು ಬಟ್ಟಲು ತೊಳೆದು, ಒರೆಸಿ, ಬಗ್ಗಿಸಿದಳು. ಅರ್ಧವೂ ಅಲ್ಲ, ತಳ ಮುಚ್ಚುವಷ್ಟು, ಎರಡು ಗುಟುಕು. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಒಳಗೆ ನೋಡಿದ. ಊದಿದ, ಆರಿಸಲು ಏನೂ ಇಲ್ಲದಿದ್ದರೂ. ಕುಡಿದ. ಹೊರಗೆ ಕೂಗು ಇನ್ನೊಮ್ಮೆ ಕೇಳಿತು, ಈಗ ಹತ್ತಿರದಿಂದ. ಅವನು ಬಟ್ಟಲನ್ನು ಚಾಚಿದ. ಅವಳು ಇನ್ನೂ ಕಡಿಮೆ ಬಗ್ಗಿಸಿದಳು.